ಒಂದೇ ಎತ್ತರ

ನೋಡಬಾರದು ಎಂದುಕೊಂಡೇ ಬಂದಿದ್ದ. ಮೋಟಾರ್ ಸೈಕಲ್ಲನ್ನು ಕಾಂಪೌಂಡಿನ ಹೊರಗೆ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಕರ್ಚೀಫಿನಿಂದ ಕತ್ತು ಒರೆಸಿಕೊಂಡು, ಬಿಗಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೊಮ್ಮೆ ಬಿಗಿದು, ಇಲ್ಲದ ಕೆಲಸಗಳನ್ನೆಲ್ಲ ಹುಡುಕಿ ಹುಡುಕಿ ಮಾಡಿದ. ಆದರೆ ಗೇಟು ದಾಟಿ ತಲೆಯೆತ್ತಿದ್ದೇ ತಡ, ಕಣ್ಣು ಹೋಗಿ ಅದರ ಮೇಲೆಯೇ ಕೂತಿತು. ಎಡಗಡೆಯ ಸಾಲಿನಲ್ಲಿ, ಮನೆಯ ಬಾಗಿಲಿಗೆ ಹತ್ತಿರದ ಪಾಮ್ ಮರ. ಅದು ಇವತ್ತೂ ಉಳಿದವುಗಳಿಗಿಂತ ಎತ್ತರವಾಗಿತ್ತು. ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಮೊನ್ನೆ ಸಂಜೆ ಅವನೇ ಎದುರಿಗೆ ನಿಂತು, ಕ್ರೇನಿನ ಪಟ್ಟಿಯಲ್ಲಿ ಅದನ್ನು ಹಿಡಿಸಿ, ಬುಡದ ಗುಂಡಿಯನ್ನು ಇನ್ನಷ್ಟು ತೋಡಿಸಿ, ಮೊಣಕಾಲುದ್ದ ಕೆಳಗಿಳಿಸಿ, ಮಣ್ಣು ತುಂಬಿಸಿ ತುಳಿಸಿ ಹೋಗಿದ್ದ. ಮರಗಳು ಬೆಳೆಯುತ್ತವೆ, ನಿಜ. ಆದರೆ ಎರಡು ದಿನದಲ್ಲಿ ಮೊಣಕಾಲುದ್ದ ಬೆಳೆಯುವ ಮರವನ್ನು ತೋಟ ಮಾಡಿಕೊಡುವ ಈ ಕಸುಬಿನಲ್ಲೇ ತಲೆ ನರೆಸಿಕೊಂಡ ಅವನು ಎಲ್ಲಿಯೂ ಕಂಡಿರಲಿಲ್ಲ.

ಮನೆ ಕಣ್ಣಿನ ಡಾಕ್ಟರಮ್ಮನದು. ಬಿಳಿ ಗೋಡೆ, ನೆಲದಿಂದ ಸೂರಿನವರೆಗೆ ಗಾಜು, ಗೇಟಿನಿಂದ ಬಾಗಿಲಿನವರೆಗೆ ಕಪ್ಪು ಕಲ್ಲು ಹಾಸಿದ ದಾರಿ. ದಾರಿಯ ಎರಡೂ ಪಕ್ಕಕ್ಕೆ ಬೆಳೆದ ಪಾಮ್ ಮರಗಳನ್ನೇ ತಂದು ನಿಲ್ಲಿಸಬೇಕು, ಸಸಿ ನೆಟ್ಟು ಕಾಯುವ ತಾಳ್ಮೆ ತನಗಿಲ್ಲ, ಎಲ್ಲವೂ ಒಂದೇ ಎತ್ತರ ಇರಬೇಕು ಎಂದು ಆಕೆ ಮೊದಲ ದಿನವೇ ಹೇಳಿದ್ದರು. ನರ್ಸರಿಯಿಂದ ಲಾರಿಯಲ್ಲಿ ಮಲಗಿಸಿ ತಂದ ಮರಗಳ ಗರಿಗಳನ್ನೆಲ್ಲ ಮೇಲಕ್ಕೆ ಸೇರಿಸಿ ಹಗ್ಗದಿಂದ ಕಟ್ಟಿ, ಗೋಣಿ ಸುತ್ತಿ, ಕಾಂಡಕ್ಕೆ ಸುತ್ತಲೂ ಆಸರೆಯ ಕಂಬ ಕೊಟ್ಟು ನಿಲ್ಲಿಸಿದ್ದರು. ಬೇರು ಹಿಡಿಯುವವರೆಗೂ ಹಾಗೆಯೇ ಇರಬೇಕು. ಇವತ್ತು ಕಟ್ಟು ಬಿಚ್ಚುವ ದಿನ. ನಾಳೆ ಮನೆ ನೋಡಲು ಜನ ಬರುತ್ತಾರೆ.

ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತ. ಅವನೂ ಅದನ್ನೇ ನೋಡುತ್ತಿದ್ದ.

“ಅಳೀಲಾ ಸಾರ್?”

“ಬೇಡ.”

“ಅಳೆದ್ರೆ ಕಮ್ಮೀನೇ ಬರತ್ತೆ. ನಿನ್ನೆ ಗಳು ಇಟ್ಟು ನೋಡಿದೆ. ಕೆಂಪು ಬಟ್ಟೆ ಮರಕ್ಕಿಂತ ಮೇಲಿದೆ. ಅಲ್ಲಿಂದ ಗೇಟಿನ ಹತ್ರ ಬಂದು ತಿರುಗಿ ನೋಡಿದ್ರೆ ಮಾತ್ರ ಮಹಾರಾಯ ಕತ್ತು ಚಾಚ್ಕೊಂಡು ನಮ್ಮನ್ನೇ ನೋಡ್ತಾ ನಿಂತಿರತ್ತೆ. ಇನ್ನೊಂದು ಸಲ ಇಳಿಸಿದ್ರೆ ಪಾತಾಳದವರು ಬೇರು ಹಿಡ್ಕೊಂಡು ಎಳೀತಾರೆ, ಅಷ್ಟೆ.”

ಮೇಸ್ತ್ರಿ ನಕ್ಕ. ಅವನೂ ನಗಲು ನೋಡಿದ. ಅಳತೆಗೆಂದು ಅವರು ಇಟ್ಟುಕೊಂಡದ್ದು ಒಂದು ಉದ್ದನೆಯ ಬಿದಿರಿನ ಗಳು. ಮರದ ಕಾಂಡ ಮುಗಿದು ಗರಿ ಶುರುವಾಗುವ ಎತ್ತರಕ್ಕೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದ್ದರು. ಉಳಿದ ಮರಗಳ ಪಕ್ಕ ಹಿಡಿದರೆ ಬಟ್ಟೆ ಸರಿಯಾಗಿ ಗರಿಯ ಬುಡಕ್ಕೆ ಬರುತ್ತಿತ್ತು. ಈ ಒಂದರ ಪಕ್ಕ ಹಿಡಿದರೆ ಬಟ್ಟೆ ಗಾಳಿಯಲ್ಲಿ, ಗೋಣಿಯ ಮುಖದೆದುರು ಪಟಪಟ ಎನ್ನುತ್ತಿತ್ತು. ಅಂದರೆ ಎಲ್ಲಕ್ಕಿಂತ ಗಿಡ್ಡ ಅದೇ. ಗಳು ಸುಳ್ಳು ಹೇಳುವುದಿಲ್ಲ. ಕಣ್ಣು ಹೇಳುತ್ತದೆಯೇ? ಒಬ್ಬರ ಕಣ್ಣಾದರೆ ಸರಿ, ಮೇಸ್ತ್ರಿಯದು, ತನ್ನದು, ಅದರ ಮೇಲೆ ಕಣ್ಣಿನ ಡಾಕ್ಟರಮ್ಮನದೇ ಕಣ್ಣು, ಎಲ್ಲವೂ ಸೇರಿ ಒಂದೇ ಸುಳ್ಳು ಹೇಳುತ್ತವೆಯೇ? ಬಿಸಿಲು ಆಗಲೇ ಕಲ್ಲಿನ ಮೇಲೆ ಬಿದ್ದಿತ್ತು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಪಾಮ್ ಮರಕ್ಕೆ ಕೊಂಬೆಯಿಲ್ಲ. ಉಳಿದ ಮರಗಳ ಹಾಗೆ ಇಲ್ಲಿ ಕಡಿದರೆ ಅಲ್ಲಿ ಚಿಗುರುವ ಭಾಗ್ಯ ಅದಕ್ಕಿಲ್ಲ. ನೆತ್ತಿಯ ನಡುವೆ ಇರುವ ಒಂದು ಸುಳಿಯೇ ಅದರ ಜೀವ. ಬುಡವನ್ನು ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಬೇಕು, ಹೆಚ್ಚಿಗೆ ಹೂತರೆ ಉಸಿರು ಕಟ್ಟುತ್ತದೆ. ಆದರೆ ಅದು ಸತ್ತೆ ಎಂದು ಕೂಗಿ ಹೇಳುವ ಮರವಲ್ಲ. ಸುಳಿ ಒಳಗೇ ಕೊಳೆತು ಹೋಗಿರುತ್ತದೆ, ಸುತ್ತಲಿನ ಗರಿಗಳು ತಿಂಗಳುಗಟ್ಟಲೆ ಹಚ್ಚಗೆ, ಏನೂ ಆಗಿಲ್ಲವೆಂಬಂತೆ ಗಾಳಿಗೆ ಆಡಿಕೊಂಡಿರುತ್ತವೆ. ಮರ ಹತ್ತಿ, ನಡುವಿನ ಮುಚ್ಚಿದ ಎಳೆಗರಿಯನ್ನು ಹಿಡಿದು ಮೆಲ್ಲಗೆ ಎಳೆಯಬೇಕು. ಗಟ್ಟಿಯಾಗಿ ನಿಂತರೆ ಮರ ಇದೆ. ಕೈಗೇ ಬಂದರೆ ಇಲ್ಲ. ಇದೆಲ್ಲ ಅವನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಉಳಿದವಕ್ಕಿಂತ ಉದ್ದ ಬಂದಿದ್ದ ಇದನ್ನು ನೆಡುವ ದಿನವೇ ಸ್ವಲ್ಪ ಆಳಕ್ಕೆ ನೆಡಿಸಿದ್ದ. ವಾಪಸು ಕಳಿಸಿ ಬೇರೆ ತರಿಸುವ ರಗಳೆ ಯಾರಿಗೆ ಬೇಕು ಎಂದು. ಆಮೇಲೆ ಡಾಕ್ಟರಮ್ಮ ಹೇಳಿದ್ದಕ್ಕೆ ಇನ್ನೊಮ್ಮೆ ಇಳಿಸಿದ್ದ. ಮೊನ್ನೆ ಸಂಜೆ ಯಾರೂ ಹೇಳಿರಲಿಲ್ಲ. ಕ್ರೇನಿನವನು ಬೇರೆ ಕೆಲಸಕ್ಕೆ ಹೊರಟಿದ್ದನ್ನು ತಡೆದು, ಮೇಸ್ತ್ರಿ ಬಾಯಿ ಬಿಡುವ ಮೊದಲೇ ಅವನ ಮೇಲೆ ರೇಗಿ, ತಾನಾಗಿಯೇ ಇಳಿಸಿದ್ದ.

ಡಾಕ್ಟರಮ್ಮ ಕಾಫಿ ಲೋಟ ಹಿಡಿದು ಮೆಟ್ಟಿಲಿಳಿದು ಬಂದರು. ಕ್ಲಿನಿಕ್ಕಿಗೆ ಹೊರಡುವ ಅವಸರದಲ್ಲಿದ್ದರೂ ಗೇಟಿನವರೆಗೆ ನಡೆದು, ತಿರುಗಿ, ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದರು.

“ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಲಸದಲ್ಲಿ ತಪ್ಪು ಹುಡುಕ್ತಿದೀನಿ ಅಂತಲ್ಲ.”

“ಇಲ್ಲ ಮೇಡಂ, ಹೇಳಿ.”

“ಅದು ಮಾತ್ರ ಇನ್ನೂ ಸರಿ ಹೋಗಿಲ್ಲ ಅಲ್ವಾ? ನನಗೆ ಒಂಥರಾ ಆಗತ್ತೆ. ಮಹಡಿ ಕಿಟಕಿಯಿಂದ ನೋಡಿದ್ರೆ ಯಾರೋ ತಲೆ ಮೇಲೆ ಬಟ್ಟೆ ಹೊದ್ಕೊಂಡು ಸಾಲಾಗಿ ನಿಂತ ಹಾಗಿದೆ. ಎಲ್ಲ ತಲೆ ತಗ್ಗಿಸಿಕೊಂಡು ಸುಮ್ಮನಿದ್ದಾರೆ. ಅವಳೊಬ್ಬಳು ಮಾತ್ರ ಇಣುಕಿ ಇಣುಕಿ ನೋಡ್ತಾಳೆ.” ಆಕೆ ತಾನಾಡಿದ್ದಕ್ಕೆ ತಾನೇ ನಕ್ಕರು. “ನಾನೂ ಏನೇನೋ ಹೇಳ್ತೀನಿ. ಗೋಣಿ ಬಿಚ್ಚಿದ ಮೇಲೆ ಸರಿ ಕಾಣಬಹುದು. ಸಂಜೆ ಬಂದು ನೋಡ್ತೀನಿ.”

ಕಾರು ಹೋಯಿತು. ಅವಳೊಬ್ಬಳು. ಅವನಿಗೆ ಶಾಲೆಗೆ ಹೋಗುವ ರಸ್ತೆ ನೆನಪಾಯಿತು. ರಸ್ತೆಯಂಚಿಗೆ ಕಲ್ಲು ಕಟ್ಟಿದ ಎತ್ತರದ ಕಾಲುದಾರಿ. ಅದರ ಮೇಲೆ ಅವನು, ಕೆಳಗೆ ಚರಂಡಿಯ ಪಕ್ಕ ಅಕ್ಕ. ಹಾಗೆ ನಡೆದರೆ ಇಬ್ಬರೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತಿದ್ದರು. ಅಕ್ಕನನ್ನು ಶಾಲೆಯಲ್ಲಿ ಕೊಕ್ಕರೆ ಎಂದು ಕರೆಯುತ್ತಿದ್ದರು, ಅದಕ್ಕೆ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಕೊಕ್ಕರೆಯ ತಮ್ಮ ಎಂದು ಅವನನ್ನು ಕರೆದ ದಿನ ಅವನು ಮನೆಗೆ ಬಂದು ಅನ್ನ ಬಿಟ್ಟು ಅತ್ತಿದ್ದ. ಅವತ್ತಿನಿಂದ ಅವ್ವ ಅವಳ ಬೆನ್ನ ಹಿಂದೆ ಬಿದ್ದಳು. ಕುತ್ತಿಗೆ ಒಳಗೆ ಎಳ್ಕೋ. ತಮ್ಮನ ಪಕ್ಕ ನಿಲ್ಲಬೇಡ. ಹೆಣ್ಣು ಹುಡುಗಿಗೆ ಯಾಕಿಷ್ಟು ಎತ್ತರ, ಆಕಾಶಕ್ಕೆ ಏಣಿ ಹಾಕ್ಬೇಕಾ. ಸ್ಟುಡಿಯೋದಲ್ಲಿ ಫೋಟೋ ತೆಗೆಸುವಾಗ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅವಳಿಗೆ ಮೊಣಕಾಲು ಮಡಚು ಎಂದರು. ಉದ್ದ ಲಂಗದ ಒಳಗೆ ಮಡಚಿದ ಕಾಲು ಫೋಟೋದಲ್ಲಿ ಯಾರಿಗೂ ಕಾಣುವುದಿಲ್ಲ. ಮದುವೆಯ ಮಾತಿಗೆ ಯಾರಾದರೂ ಮನೆಗೆ ಬಂದರೆ ಅವರು ಬರುವ ಮೊದಲೇ ಅವಳನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದರು. ಮಾತೆಲ್ಲ ಮುಗಿದು, ಎಲ್ಲರೂ ನಗುನಗುತ್ತಾ ಏಳುವಾಗ ಅವಳೂ ಏಳಬೇಕಾಗುತ್ತಿತ್ತು. ಆಮೇಲೆ ಅವರಿಂದ ಸುದ್ದಿಯಿರುತ್ತಿರಲಿಲ್ಲ. ಅಕ್ಕ ಬಾಗಿದ್ದು ಯಾವಾಗ? ಒಂದು ದಿನವೆಂದು ಹೇಳಲಾಗದು. ಬೆನ್ನು ಬಗ್ಗಿತು, ಕುತ್ತಿಗೆ ಮುಂದಕ್ಕೆ ಬಂತು, ಹಾಗೆಯೇ ನಿಂತಿತು. ಅವನ ಮದುವೆಯಾಗಿ, ನರ್ಸು ಕೆಲಸದ ಹೆಂಡತಿ ಹಗಲು ಪಾಳಿ ರಾತ್ರಿ ಪಾಳಿ ಎಂದು ಓಡಾಡತೊಡಗಿದ ಮೇಲೆ, ಮನೆಯ ಅಡುಗೆ, ಬಟ್ಟೆ, ಮಕ್ಕಳ ಜ್ವರ ಎಲ್ಲವೂ ಆ ಬಗ್ಗಿದ ಬೆನ್ನಿನ ಮೇಲೆಯೇ ಬಂತು. ಬಗ್ಗಿಯೂ ಅವಳು ಎಲ್ಲರಿಗಿಂತ ಎತ್ತರವಾಗಿದ್ದಳು. ಈಗಿನ ಮನೆಗೆ ಬಂದ ಮೊದಲ ದಿನವೇ ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಹಣೆ ಬಡಿಸಿಕೊಂಡು, ಈ ಬಾಗಿಲಿಗೂ ಅವ್ವನ ಬುದ್ಧಿ ಬಂದಿದೆ ನೋಡೋ ಎಂದು ನಕ್ಕಿದ್ದಳು. ಬಾಗಿಲನ್ನು ಎತ್ತರ ಮಾಡಿಸುತ್ತೇನೆ ಎಂದು ಅವನು ವರ್ಷಗಳಿಂದ ಹೇಳುತ್ತಲೇ ಬಂದಿದ್ದ. ಸದ್ಯಕ್ಕಿರಲಿ ಎಂದು ಹೆಂಡತಿ ಚೌಕಟ್ಟಿನ ಅಂಚಿಗೆ ಒಂದು ಕೆಂಪು ಬಟ್ಟೆಯ ಚೂರು ಅಂಟಿಸಿದ್ದಳು, ಕಂಡ ಕೂಡಲೇ ತಲೆ ತಗ್ಗಿಸಲು ನೆನಪಾಗಲಿ ಎಂದು.

“ಸಾರ್, ಬಿಚ್ಚೋಣವಾ?” ಎಂದ ಮೇಸ್ತ್ರಿ.

ಬಲಗಡೆಯಿಂದ ಶುರು ಮಾಡಿದರು. ಏಣಿ ಇಟ್ಟು, ಗೋಣಿಯ ಹೊಲಿಗೆ ಕತ್ತರಿಸಿ, ಹಗ್ಗ ಸಡಿಲಿಸಿದ ಕೂಡಲೇ ಗರಿಗಳು ಒಂದೊಂದಾಗಿ ಜಾರಿ ಹರಡಿಕೊಳ್ಳುತ್ತಿದ್ದವು. ಒಳಗೆ ಸೇರಿಕೊಂಡಿದ್ದ ಧೂಳು, ಒಣಗಿದ ಹಲ್ಲಿಮೊಟ್ಟೆ, ಜೇಡದ ಬಲೆ ಕೆಳಗೆ ಬೀಳುತ್ತಿತ್ತು. ಅವನು ಕೆಳಗೆ ನಿಂತು ಆಸರೆ ಕಂಬಗಳನ್ನು ಅಲುಗಾಡಿಸಿ ನೋಡುತ್ತಿದ್ದ. ಜೇಬಿನಲ್ಲಿದ್ದ ಫೋನು ತೊಡೆಗೆ ಒತ್ತುತ್ತಿತ್ತು. ಮೊನ್ನೆ ಇಳಿಹೊತ್ತಿನಲ್ಲಿ ಮನೆಗೆ ಹೋಗಿ ತಡವಾಗಿ ಊಟಕ್ಕೆ ಕೂತಾಗ ಇದೇ ಫೋನಿಗೆ ಒಬ್ಬ ಹೆಂಗಸು ಕರೆ ಮಾಡಿದ್ದಳು. ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲಿನ ಆಫೀಸಿನವಳು. ನಿಮ್ಮ ಅಕ್ಕನವರು ಈ ನಂಬರ್ ಕೊಟ್ಟಿದ್ದಾರೆ, ವಾರ್ಡನ್ ಕೆಲಸ ಅವರಿಗೇ ಆಗಿದೆ, ಇರೋಕೆ ರೂಮೂ ಅಲ್ಲೇ, ಬರ್ತಾರೆ ತಾನೇ ಎಂದಳು. ಅಕ್ಕ ಕೆಲಸ ಕೇಳಿಕೊಂಡು ಹೋಗಿದ್ದೇ ಅವನಿಗೆ ಗೊತ್ತಿರಲಿಲ್ಲ. ಯಾವ ದಿನ ಹೋದಳು, ಯಾವ ಬಟ್ಟೆ ಹಾಕಿಕೊಂಡು ಹೋದಳು? “ಅವರೇ ಅಲ್ವಾ, ಎತ್ತರವಾಗಿ ನೆಟ್ಟಗೆ ನಿಂತ್ಕೋತಾರಲ್ಲ?” ಎಂದು ಆ ಹೆಂಗಸು ನಗುತ್ತಾ ಕೇಳಿದ್ದಳು. “ನಮಗೆ ಅಂಥವರೇ ಬೇಕಿತ್ತು. ಗೇಟಿನಿಂದಲೇ ಕಾಣ್ತಾರೆ.” ನೆಟ್ಟಗೆ! ಅವನು ಕಂಡಿದ್ದ ಅಕ್ಕನಲ್ಲ ಅದು. ಮನೆಯಲ್ಲಿ ಬಗ್ಗಿಕೊಂಡಿದ್ದು, ಯಾವುದೋ ಗುರುತಿಲ್ಲದ ಆಫೀಸಿಗೆ ಹೋಗಿ ನೆಟ್ಟಗೆ ನಿಂತಳೇ? ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎದುರಿಗೆ ತಟ್ಟೆಯಲ್ಲಿ ಅವಳು ಬಡಿಸಿದ ಅನ್ನ ಹಾಗೇ ಇತ್ತು. ಇವಳು ಹೋದರೆ ಮನೆ ನಡೆಯುವುದು ಹೇಗೆ ಎಂಬ ಮಾತು ಮನಸ್ಸಿನಲ್ಲಿ ಮೂಡುವ ಮೊದಲೇ ನಾಲಗೆ ಹೇಳಿಬಿಟ್ಟಿತ್ತು: “ಅಕ್ಕನಿಗೆ ಹುಷಾರಿಲ್ಲ.” ಛೇ ಪಾಪ, ನಾಡಿದ್ದು ಸಂಜೆ ಆಫೀಸು ಮುಚ್ಚುವವರೆಗೂ ಕಾಯ್ತೀವಿ, ಆಮೇಲೆ ಬೇರೆಯವರಿಗೆ ಹೇಳ್ಬೇಕಾಗತ್ತೆ ಎಂದು ಆಕೆ ಫೋನಿಟ್ಟಳು. ಅಕ್ಕ ಅಡುಗೆಮನೆಯಿಂದ ಮಜ್ಜಿಗೆ ತಂದು ಬಡಿಸಿದಳು. ಯಾರೋ ಅದು ಎಂದು ಕೇಳಲಿಲ್ಲ. ಕೈ ತೊಳೆದು ನೇರ ಇಲ್ಲಿಗೆ ಬಂದು ಅವನು ಕ್ರೇನಿನವನನ್ನು ತಡೆದು ನಿಲ್ಲಿಸಿದ್ದು ಅವತ್ತೇ.

ಆ ನಾಡಿದ್ದು ಎಂದರೆ ಇವತ್ತು. ಇನ್ನೂ ಹೊತ್ತಿದೆ ಎಂದುಕೊಂಡ. ಈಗ ಮನೆಗೆ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಈ ಮರದ ಗೋಣಿ ಬಿಚ್ಚಲಿ, ಹೋಗುತ್ತೇನೆ. ಆ ಮರದ್ದೂ ಆಗಲಿ. ಊಟದ ಹೊತ್ತಿಗೆ ಹೋಗುತ್ತೇನೆ. ಊಟದ ಹೊತ್ತಿಗೆ ಹೊಟ್ಟೆ ಸರಿಯಿಲ್ಲವೆಂದು ಮೇಸ್ತ್ರಿಗೆ ಹೇಳಿ ನೆರಳಿನಲ್ಲಿ ಕೂತ. ಆಗ ಹೆಂಡತಿಯ ಫೋನು ಬಂತು. ಆಸ್ಪತ್ರೆಯ ಗದ್ದಲದ ನಡುವೆ ಅವಳ ದನಿ.

“ರೀ, ಅಕ್ಕಂಗೆ ಹುಷಾರಿಲ್ಲ ಕಣ್ರೀ.”

ತನ್ನ ಮಾತೇ ಊರೆಲ್ಲ ಸುತ್ತಿ ವಾಪಸು ತನ್ನ ಕಿವಿಗೆ ಬಂದಿತ್ತು.

“ಏನಾಗಿದೆ?”

“ಅದೇ ಗೊತ್ತಾಗ್ತಿಲ್ಲ. ಜ್ವರ ಇಲ್ಲ, ಬಿ.ಪಿ. ನೋಡಿದೆ, ಸರಿಯಾಗಿದೆ. ಎರಡು ದಿನದಿಂದ ಒಂಥರಾ ಇದ್ದಾರೆ. ಬೆಳಿಗ್ಗೆ ಮೇಲಿನ ಶೆಲ್ಫಿನ ಡಬ್ಬ ತೆಕ್ಕೊಡು ಅಂತ ನನ್ನನ್ನ ಕೇಳಿದ್ರು ಗೊತ್ತಾ? ನಾನು ಸ್ಟೂಲ್ ಹಾಕ್ಕೊಂಡು ಹತ್ತಿ ತೆಕ್ಕೊಟ್ಟೆ. ಯಾಕಕ್ಕಾ ಅಂದ್ರೆ, ಕೈಗೆ ಸಿಗ್ತಿಲ್ಲಮ್ಮ ಅಂತ ನಗ್ತಾರೆ. ನೀವು ಬೇಗ ಮನೆಗೆ ಹೋಗಿ.”

ಹೋಗುತ್ತೇನೆ ಎಂದ. ಎದ್ದವನು ಗೇಟಿನ ಕಡೆ ಹೋಗುವ ಬದಲು ಏಣಿಯ ಕಡೆ ನಡೆದ. ಉಳಿದ ಮರಗಳೆಲ್ಲ ಬಿಚ್ಚಿಕೊಂಡು, ಗರಿ ಇಳಿಬಿಟ್ಟು, ಮನೆಯ ಗಾಜಿನಲ್ಲಿ ತಮ್ಮ ನೆರಳನ್ನು ತಾವೇ ನೋಡಿಕೊಳ್ಳುತ್ತಿದ್ದವು. ಅದೊಂದೇ ಗೋಣಿಯಲ್ಲಿ ಉಳಿದಿತ್ತು. ಕೆಲಸದವರು ಯಾರೂ ಏನೂ ಮಾತಾಡಿಕೊಳ್ಳದೆ ಅದನ್ನು ಕೊನೆಗೆ ಬಿಟ್ಟಿದ್ದರು. ನಾನೇ ಬಿಚ್ಚುತ್ತೇನೆ ಎಂದು ಮೇಸ್ತ್ರಿಯ ಕೈಯಿಂದ ಕತ್ತಿ ಇಸಿದುಕೊಂಡು ಹತ್ತಿದ. ಏಣಿಯ ಮೆಟ್ಟಿಲುಗಳು ಬೇಗ ಮುಗಿದವು. ಹತ್ತಿರದಿಂದ ಅದು ನಿಜಕ್ಕೂ ಗಿಡ್ಡ ಮರ. ಹೊಲಿಗೆ ಕತ್ತರಿಸಿದ. ಗೋಣಿ ಜಾರಿತು. ಹಗ್ಗ ಬಿಚ್ಚಿದ್ದೇ ತಡ ಗರಿಗಳು ಅವನ ಮೈಮೇಲೆ, ಹೆಗಲ ಮೇಲೆ ಬಿದ್ದು ಹರಡಿದವು. ಕೆಳಗಿನಿಂದ ಮೇಸ್ತ್ರಿ ಆಹಾ ಎಂದ. ಯಾವ ಮರದಲ್ಲೂ ಇಲ್ಲದ ಹಸಿರು. ಒಂದು ಗರಿಯ ತುದಿಯೂ ಒಣಗಿರಲಿಲ್ಲ, ಒಂದು ಎಲೆಯೂ ಸೀಳಿರಲಿಲ್ಲ.

“ನೋಡಿ ಸಾರ್, ಸುಮ್ನೆ ಹೆದರಿದ್ವಿ. ಎಲ್ಲಕ್ಕಿಂತ ಚೆನ್ನಾಗಿರೋದೇ ಇದು!”

ದೇವರೇ ಎಂದುಕೊಂಡ, ಯಾವ ದೇವರು, ಏನು ಬೇಡಿದ್ದು ಎಂದು ಅವನಿಗೇ ತಿಳಿಯದು. ಗರಿಗಳ ನಡುವೆ ಕೈ ಹಾಕಿದ. ಸುಳಿ ಸೆಟೆದು ನಿಂತಿತ್ತು, ತಿಳಿ ಹಸಿರು, ಎರಡು ಬೆರಳಿನಷ್ಟು ದಪ್ಪ. ಅದನ್ನು ಹಿಡಿದುಕೊಂಡ. ಎಳೆಯದಿದ್ದರೆ ಇನ್ನೂ ಕೆಲವು ತಿಂಗಳು ಮರ ಇರುತ್ತದೆ. ನಾಳೆ ಜನ ಬಂದು ನೋಡಿ ಮೆಚ್ಚಿಕೊಂಡು ಹೋಗುತ್ತಾರೆ. ಎಳೆದ. ಎಳೆದನೆಂದೂ ಹೇಳುವಂತಿಲ್ಲ. ಮುಟ್ಟಿದ್ದಕ್ಕೇ ಕಾದಿತ್ತು ಎಂಬಂತೆ ಅದು ಸದ್ದಿಲ್ಲದೆ ಮೇಲಕ್ಕೆ ಜಾರಿ ಅವನ ಮುಷ್ಟಿಗೆ ಬಂತು. ಬುಡ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಅದು ಇದ್ದ ತೂತಿನಿಂದ ಹಳಸಿದ ವಾಸನೆ ಬಂದು ಮೂಗಿಗೆ ಹೊಡೆಯಿತು. ಸುತ್ತಲೂ ಗರಿಗಳು ಗಾಳಿಗೆ ಲಕಲಕ ಎನ್ನುತ್ತಿದ್ದವು. ಕೆಳಗೆ ಮೇಸ್ತ್ರಿ ಬೀಡಿ ಹಚ್ಚುತ್ತಾ ಯಾವುದೋ ಮಾತಿಗೆ ಜೊತೆಯವರೊಂದಿಗೆ ನಗುತ್ತಿದ್ದ.

ಸುಳಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಇಳಿದ. ಯಾಕೆ ಇಟ್ಟುಕೊಂಡೆ ಎಂದು ಕೇಳಿಕೊಳ್ಳಲಿಲ್ಲ. ಅಷ್ಟರಲ್ಲಿ, ಸಂಜೆಗೆ ಮೊದಲೇ, ಡಾಕ್ಟರಮ್ಮನ ಕಾರು ಬಂದು ಗೇಟಿನಲ್ಲಿ ನಿಂತಿತು. ಬಾಗಿಲು ತೆರೆದು ಇಳಿದ ಆಕೆ ಅಲ್ಲೇ ನಿಂತು ಎರಡೂ ಕೈಗಳನ್ನು ಕೆನ್ನೆಗೆ ಹಚ್ಚಿಕೊಂಡರು.

“ಅಯ್ಯೋ! ಈಗ ನೋಡಿ, ಎಷ್ಟು ಸರಿಯಾಗಿದೆ! ಇಲ್ಲಿ ಬನ್ನಿ, ಇಲ್ಲಿಂದ ನೋಡಿ.”

ಅವನು ಗೇಟಿನ ಬಳಿ ಹೋಗಿ ತಿರುಗಿ ನೋಡಿದ. ಸಾಲು ದಾರ ಹಿಡಿದು ಕತ್ತರಿಸಿದಂತೆ ಇತ್ತು. ಯಾವುದೂ ಹೆಚ್ಚಿರಲಿಲ್ಲ, ಯಾವುದೂ ಕಡಿಮೆಯಿರಲಿಲ್ಲ. ಯಾವುದು ಅದು ಎಂದು ಬಾಗಿಲಿನಿಂದ ಎಣಿಸಿ ಗುರುತು ಹಿಡಿಯಬೇಕಾಯಿತು. ಮೇಡಂ, ಅದು ಸತ್ತಿದೆ, ನಾನೇ ಕೊಂದೆ ಎಂಬ ಮಾತು ಹಲ್ಲಿನವರೆಗೂ ಬಂತು. ಆದರೆ ಅದನ್ನು ಹೇಳಬೇಕಾದದ್ದು ಈಕೆಗಲ್ಲ ಎನ್ನಿಸಿತು. ನಾಳೆ ಬರುತ್ತೇನೆ ಎಂದವನೇ ಮೋಟಾರ್ ಸೈಕಲ್ ಹತ್ತಿದ. ಆಫೀಸು ಮುಚ್ಚಲು ಇನ್ನೂ ಹೊತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅಂಗಿಯೊಳಗಿನ ಲೋಳೆ ಎದೆಗೆ ತಣ್ಣಗೆ ತಾಗುತ್ತಿತ್ತು.

ಅಕ್ಕ ನಡುಮನೆಯಲ್ಲಿ ಕೂತು ಮಕ್ಕಳ ಸಾಕ್ಸು ಜೋಡಿ ಮಾಡುತ್ತಿದ್ದಳು. ಅವನು ಬೂಟು ಬಿಚ್ಚದೆ ಒಳಗೆ ಬಂದು ಅವಳೆದುರು ನಿಂತ. ಹಾಸ್ಟೆಲಿನಿಂದ ಫೋನು ಬಂದಿತ್ತು, ಕೆಲಸ ನಿನಗೇ ಆಗಿದೆ, ನಾನು ಸುಳ್ಳು ಹೇಳಿದೆ, ಹೋಗಕ್ಕಾ, ಇವತ್ತೇ ಹೇಳಬೇಕಂತೆ ಎಂದು ಒಂದೇ ಉಸಿರಿಗೆ ಹೇಳಿ, ಅವಳು ಬಾಯಿ ತೆರೆಯುವ ಮೊದಲೇ ನಂಬರ್ ಒತ್ತಿ ಫೋನು ಅವಳ ಕೈಗಿಟ್ಟ. ಅಕ್ಕ ಒಂದು ಸಾಕ್ಸು ಕೈಯಲ್ಲಿ ಹಿಡಿದುಕೊಂಡೇ ಫೋನನ್ನು ಕಿವಿಗಿಟ್ಟಳು.

“ಹೌದಮ್ಮ, ನಾನೇ... ಚೆನ್ನಾಗಿದೀರಾ? ಇಲ್ಲ ಇಲ್ಲ, ಬೇರೆಯವರಿಗೆ ಹೇಳಿಬಿಡಿ. ನಮ್ಮ ತಮ್ಮ ಮೊನ್ನೇನೇ ಹೇಳಿದ್ನಲ್ಲ. ನಂಗೆ ಹುಷಾರಿಲ್ಲ.”

ಫೋನನ್ನು ಅವನಿಗೆ ಕೊಟ್ಟು ಸಾಕ್ಸಿನ ಜೋಡಿ ಹುಡುಕತೊಡಗಿದಳು.

“ಅಕ್ಕಾ, ಕೇಳಿಸಿತ್ತಾ ನಿಂಗೆ?”

“ಕೇಳಿಸದೆ ಏನು? ಅಡುಗೆಮನೆ ಏನು ಊರಾಚೆ ಇದೆಯಾ?”

“ಮತ್ತೆ ಯಾಕೆ ಸುಮ್ಮನಿದ್ದೆ? ಬೈಯಕ್ಕಾ. ಒಂದೇ ಒಂದು ಮಾತು ಬೈ.”

“ಯಾಕೋ ಬೈಲಿ? ಏನಾಗಿದೆ ನಿಂಗೆ?” ಅಕ್ಕ ನಕ್ಕಳು. ಆ ನಗುವಿನಲ್ಲಿ ಅವನು ಸಿಟ್ಟನ್ನು ಹುಡುಕಿದ, ಅಳುವನ್ನು ಹುಡುಕಿದ. ಏನೂ ಇರಲಿಲ್ಲ. ಒಳ್ಳೆಯ, ತುಂಬಿದ, ಮೊದಲಿಗಿಂತಲೂ ಚೆಂದದ ನಗು. “ಅಂಗಿ ಎಲ್ಲ ಕೊಳೆ ಮಾಡ್ಕೊಂಡಿದ್ದೀಯ. ಅದೇನೋ ಒಳಗೆ, ಹುಲ್ಲಾ? ಕೈ ತೊಳ್ಕೊಂಡು ಬಾ, ಮಧ್ಯಾಹ್ನವೂ ಉಂಡಿಲ್ಲ ನೀನು. ಬಿಸಿ ಮಾಡ್ತೀನಿ.”

ಎದ್ದು ಅಡುಗೆಮನೆಯ ಕಡೆ ನಡೆದಳು. ಬೆನ್ನು ಬಗ್ಗಿರಲಿಲ್ಲ, ಕುತ್ತಿಗೆ ಮುಂದಕ್ಕೆ ಬಂದಿರಲಿಲ್ಲ. ಅಕ್ಕ ನೆಟ್ಟಗೆ ನಡೆಯುತ್ತಿದ್ದಳು. ತಲೆ, ಅಕ್ಕಾ ತಲೆ ಎಂದು ಅಭ್ಯಾಸದಿಂದ ಕೂಗಲು ಬಾಯಿ ತೆರೆದ. ಅವಳು ಬಾಗಿಲು ದಾಟಿದಳು. ತಗ್ಗಲಿಲ್ಲ. ಚೌಕಟ್ಟಿನ ಕೆಂಪು ಬಟ್ಟೆ ಅವಳ ನೆತ್ತಿಗಿಂತ ಒಂದು ಗೇಣು ಮೇಲೆ ಅಲ್ಲಾಡದೆ ಇತ್ತು.

ಅವನು ಹಿಂದೆ ಸರಿದ. ನಡುಮನೆ ದಾಟಿ, ಮುಂಬಾಗಿಲು ದಾಟಿ, ಮೆಟ್ಟಿಲಿಳಿದು, ಹಿಮ್ಮುಖವಾಗಿಯೇ ಗೇಟಿನವರೆಗೆ ಹೋದ. ಕಂಬಿ ಬೆನ್ನಿಗೆ ತಾಗಿದಾಗ ನಿಂತ. ದೂರದಿಂದ ನೋಡಿದರೆ ಎತ್ತರ ಕಾಣಬಹುದು, ಕಾಣಲೇಬೇಕು, ಗೇಟಿನಿಂದಲೇ ಕಾಣುತ್ತಾರೆ ಎಂದು ಆ ಹಾಸ್ಟೆಲಿನ ಹೆಂಗಸು ಹೇಳಿರಲಿಲ್ಲವೇ? ಕಣ್ಣುಜ್ಜಿಕೊಂಡು ನೋಡಿದ. ಮುಂಬಾಗಿಲು, ನಡುಮನೆ, ಅಡುಗೆಮನೆಯ ಬಾಗಿಲು ಒಂದೇ ನೇರಕ್ಕಿದ್ದವು. ಕೊನೆಯಲ್ಲಿ, ದೀಪದ ಕೆಳಗೆ, ಒಲೆಯ ಮುಂದೆ ಎಲ್ಲರಷ್ಟೇ ಎತ್ತರದ ಒಬ್ಬ ಹೆಂಗಸು ನಿಂತು ಅನ್ನ ಬಿಸಿ ಮಾಡುತ್ತಿದ್ದಳು.